ಗೇರು ಹಾಡಿಯಲ್ಲಿ ಬಗ್ಗಿ ನಡೆಯಬೇಕು

ಶನಿವಾರ ಬೆಳಗಿನ ಜಾವ ಅಂಬಲಪಾಡಿ ಬೈಪಾಸಿನಲ್ಲಿ ನಿಂತರೆ ಚಾರಣಕ್ಕೆ ಹೊರಟವರು ಸಿಗುತ್ತಾರೆ. ಬೆನ್ನಿಗೆ ಚೀಲ, ಕಾಲಿಗೆ ದುಬಾರಿ ಬೂಟು, ಕಣ್ಣಲ್ಲಿ ಅರ್ಧ ನಿದ್ದೆ. ಎಲ್ಲಿಗೆ ಎಂದು ಕೇಳಿದರೆ ಉತ್ತರ ಕುದುರೆಮುಖ, ಇಲ್ಲವೇ ಕೊಡಚಾದ್ರಿ, ನರಸಿಂಹ ಪರ್ವತ. ಹೋಗಲಿ, ಯಾರು ಬೇಡ ಅಂದರು? ಆದರೆ ಇವರ ಗಾಡಿ ಒಂದೂವರೆ ಗಂಟೆ ಹಾದುಹೋಗುವ ಊರುಗಳ ಕಡೆ ಯಾರೂ ಕಣ್ಣು ಬಿಡುವುದಿಲ್ಲ ಎಂಬುದು ನನ್ನ ತಕರಾರು. ಕಡಲಿಗೂ ಘಟ್ಟಕ್ಕೂ ನಡುವೆ ನಮ್ಮ ಜಿಲ್ಲೆಯ ಬಹುಪಾಲು ನೆಲವಿದೆ. ಕೆಂಪು ಮುರಕಲ್ಲಿನ ಪದವು, ಅದರ ಅಂಚಿನಲ್ಲಿ ಗೇರು ಹಾಡಿ, ಕೆಳಗಿಳಿದರೆ ಅಡಿಕೆ ತೋಟ, ಇನ್ನೂ ಇಳಿದರೆ ಬೈಲು, ಬೈಲಿನ ನಡುವೆ ತೋಡು. ಇದನ್ನು ಕಾಲಿನಿಂದ ಓದದೆ ಉಡುಪಿ ಗೊತ್ತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ ಆಲಿವ್ ತೋಪಿನ ನಡುವೆ ನಡೆಯುವುದೇ ಒಂದು ಪ್ರವಾಸ. ಇಟಲಿಯ ಅಸ್ಸೀಸಿಯಿಂದ ಸ್ಪೊಲೇಟೊವರೆಗಿನ ಇಳಿಜಾರಿನ ಆಲಿವ್ ತೋಪುಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಕೃಷಿ ಪರಂಪರೆಯ ತಾಣವೆಂದು ಗುರುತಿಸಿತು. ಟರ್ಕಿಯ ನೈಋತ್ಯ ಕರಾವಳಿಯಲ್ಲಿ ಕೇಟ್ ಕ್ಲೋ ಎಂಬ ಇಂಗ್ಲಿಷ್ ಹೆಂಗಸು ಹಳೆಯ ರೋಮನ್ ದಾರಿ, ಹೇಸರಗತ್ತೆಯ ದಾರಿಗಳನ್ನೆಲ್ಲ ಹುಡುಕಿ ಜೋಡಿಸಿ, 1999ರಲ್ಲಿ ಸುಮಾರು 500 ಕಿಲೋಮೀಟರಿನ ಲಿಸಿಯನ್ ದಾರಿಯನ್ನು ತೆರೆದಳು. ಬಂಡೆಗಳ ಮೇಲೆ ಕೆಂಪು-ಬಿಳಿ ಪಟ್ಟಿ. ಅದನ್ನು ನೋಡುತ್ತ ಹೋದರೆ ಆಲಿವ್ ಮರ, ಕಡಲು, ಹಾಳು ಗುಡಿ ಒಂದರ ಹಿಂದೊಂದು ಬರುತ್ತವೆ. ನಮ್ಮಲ್ಲಿ ಆ ಜಾಗ ತುಂಬುವ ಮರ ಗೇರು. ಬೇರೇನೂ ಬೆಳೆಯದ ಕಲ್ಲು ನೆಲ, ಸುಡು ಬಿಸಿಲು, ಕಡಲ ಗಾಳಿ, ಇಷ್ಟಿದ್ದರೆ ಎರಡಕ್ಕೂ ಸಾಕು. ಆದರೆ ಆಲಿವ್ ಶತಮಾನಗಳ ಕಾಲ ಬಾಳುವ ಮರ. ಗೇರು ಮೂವತ್ತು-ನಲವತ್ತು ವರ್ಷಕ್ಕೆ ಮುದಿಯಾಗುತ್ತದೆ. ಆಲಿವ್ ಮರವನ್ನು ಸವರಿ ಒಳಗೆ ಬೆಳಕು ಬಿಡುತ್ತಾರೆ. ನಮ್ಮ ಗೇರನ್ನು ಹಾಗೇ ಬಿಡುತ್ತೇವೆ, ಅದು ಅಡ್ಡಡ್ಡ ಹರಡಿ ಕೊಂಬೆಯನ್ನು ನೆಲದ ತನಕ ಇಳಿಸುತ್ತದೆ. ಹಾಗಾಗಿ ಗೇರು ಹಾಡಿಯಲ್ಲಿ ತಲೆ ಎತ್ತಿ ನಡೆಯುವವರಿಗೆ ಜಾಗವಿಲ್ಲ. ಬಗ್ಗಬೇಕು, ನುಸುಳಬೇಕು.

ಬಗ್ಗುವ ಮೊದಲು ಕೊಂಬೆ ನೋಡಿ. ಎಲೆಗಳನ್ನು ಹೊಲಿದು ಮುಷ್ಟಿ ಗಾತ್ರದ ಗೂಡು ಮಾಡಿಕೊಂಡ ಚಗಳಿ ಇರುವೆ ಅಲ್ಲಿದ್ದರೆ ನಿಮ್ಮ ಕುತ್ತಿಗೆ ಕೆಲಸಕ್ಕೆ ಬಾರದು. ಕಚ್ಚಿಸಿಕೊಂಡವರು ಬೈದರೂ ಗೇರಿಗೆ ಅದು ನೆಂಟ. ಚಿಗುರು, ಹೂ, ಎಳೆ ಕಾಯಿಯ ರಸ ಹೀರಿ ಕರಕಲು ಮಾಡುವ ಚಹಾ ಸೊಳ್ಳೆಯನ್ನು ಚಗಳಿ ಹತ್ತಿರ ಬಿಡುವುದಿಲ್ಲ.

ಆ ಸೊಳ್ಳೆಯ ಹೆಸರು ಹೇಳಿದ ಮೇಲೆ ಇನ್ನೊಂದನ್ನು ಬಿಡಲಾಗದು. ಅದನ್ನು ಕೊಲ್ಲಲೆಂದೇ ಕಾಸರಗೋಡಿನ ಪಡ್ರೆಯಿಂದ ಬೆಳ್ತಂಗಡಿಯ ಕೊಕ್ಕಡದವರೆಗೆ ಸರಕಾರಿ ನಿಗಮಗಳ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಅದೂ ಸುಮಾರು ಎರಡು ದಶಕ. ಗುಡ್ಡದ ಮೇಲೆ ಬಿದ್ದ ವಿಷ ಮಳೆಗೆ ತೋಡಿಗಿಳಿಯಿತು, ಬಾವಿಗಿಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಹಾಸಿಗೆ ಹಿಡಿದ ಮಕ್ಕಳು ಆ ಊರುಗಳಲ್ಲಿ ಈಗ ಹಾಸಿಗೆಯಲ್ಲೇ ದೊಡ್ಡವರಾಗಿದ್ದಾರೆ. ಗೇರು ತೋಪಿನ ಚೆಲುವನ್ನು ಹೊಗಳುವ ನಾನು ಇದನ್ನು ಬರೆಯದಿದ್ದರೆ ಅಂಕಣಕ್ಕೆ ಮರ್ಯಾದೆ ಇಲ್ಲ.

ಗೇರು ನಮ್ಮದೂ ಅಲ್ಲ. ಬ್ರೆಜಿಲಿನಿಂದ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಮುಂದೆ ಬಾವಲಿಗಳು ಹಣ್ಣು ಕಚ್ಚಿಕೊಂಡು ಹಾರಿ, ತಿಂದು, ಬೀಜ ಉದುರಿಸಿ ಗುಡ್ಡ ಗುಡ್ಡಕ್ಕೂ ಹಂಚಿದವು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿತು. ಸಾಲು ಹಿಡಿದು ನೆಟ್ಟ ದೊಡ್ಡ ತೋಪುಗಳು ಕರಾವಳಿಯಲ್ಲಿ ಇರುವುದು ಅದರ ಹೆಸರಿನಲ್ಲಿ. ನಡೆಯಲು ನನಗೆ ಆ ಸಾಲು ಮರಗಳಿಗಿಂತ ಮನೆಗಳ ಬೆನ್ನ ಹಿಂದಿನ ಕುಮ್ಕಿ ಹಾಡಿ ಇಷ್ಟ. ವರ್ಗ ಜಮೀನಿಗೆ ತಾಗಿದ ನೂರು ಗಜದೊಳಗಿನ ಸರಕಾರಿ ಜಾಗ ಅದು. ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಹಕ್ಕು ಆ ಜಮೀನಿನವರದ್ದು, ನೆಲ ಮಾತ್ರ ಸರಕಾರದ್ದು. ಯಾರೂ ಪೂರ್ತಿ ಯಜಮಾನರಾಗದ ಜಾಗವಾದ್ದರಿಂದ ಅಲ್ಲಿ ಗೇರಿನ ಜೊತೆ ಕುಂಟಲ, ಕೇಪುಳ, ಪುನರ್ಪುಳಿ, ಚೂರಿಮುಳ್ಳು ಎಲ್ಲವೂ ಒತ್ತಿಕೊಂಡು ಬೆಳೆದಿವೆ. ಅಕೇಶಿಯಾ ನೆಡುತೋಪಿನ ಸಂಗತಿ ಬೇರೆ. ಅದರಡಿ ಒಂದು ಗಂಟೆ ನಡೆದರೂ ಒಂದು ಹಣ್ಣಿಲ್ಲ, ಹಕ್ಕಿ ಕಡಿಮೆ, ಕಾಲಡಿ ಜಾರುವ ಒಣ ಎಲೆ. ನಾನಂತೂ ಸುತ್ತು ಹಾಕಿ ಹೋಗುತ್ತೇನೆ.

ಈ ಹಾಡಿಗಳಲ್ಲಿ ದಾರಿ ಇರುವುದು ಯಾರೂ ಬಣ್ಣ ಬಳಿದದ್ದರಿಂದಲ್ಲ. ತರಗೆಲೆ ಗುಡಿಸಲು, ದನ ಅಟ್ಟಲು, ಶಾಲೆಗೆ, ನೇಮಕ್ಕೆ, ಬೀಜ ಹೆಕ್ಕಲು ಜನ ತಿರುಗಾಡಿದರು, ದಾರಿ ಉಳಿಯಿತು. ಗ್ಯಾಸ್ ಬಂತು, ಹಟ್ಟಿ ಖಾಲಿಯಾಯಿತು, ಮಕ್ಕಳಿಗೆ ಮನೆ ಬಾಗಿಲಿಗೆ ವ್ಯಾನ್ ಬಂತು. ಎರಡು ಮಳೆಗಾಲ ಯಾರೂ ಹೋಗದಿದ್ದರೆ ದಾರಿಯನ್ನು ಮುಳ್ಳು ನುಂಗುತ್ತದೆ. ಉಳಿದದ್ದಕ್ಕೆ ಪಾಗಾರ ಬೀಳುತ್ತದೆ. ಹಿಂದೆ ಬೇಲಿಗೂ ತಡಮೆ ಇತ್ತು: ದನ ನುಗ್ಗಬಾರದು, ಮನುಷ್ಯ ದಾಟಬೇಕು ಎಂದು ಮಾಡಿದ್ದು. ಈಗಿನ ಪಾಗಾರಕ್ಕೆ ಗೇಟು, ಗೇಟಿಗೆ ಬೀಗ. ಇನ್ನು ಕೆಂಪುಕಲ್ಲಿನ ಕೋರೆ ಬಿದ್ದಲ್ಲಿ ದಾರಿ ಹೋಗಲಿ, ಗುಡ್ಡವೇ ಕಾಣೆ.

ಕಲ್ಲಿನ ಮಾತು ಬಂತು. ನೆಲದೊಳಗಿರುವಾಗ ಕೊಡಲಿಯಿಂದ ಕತ್ತರಿಸುವಷ್ಟು ಮೆದು, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಕೆನರಾ ಕರಾವಳಿಯಲ್ಲಿ 1801ರ ಆರಂಭದಲ್ಲಿ ಹಾದುಹೋದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ಮಲಬಾರಿನ ಅಂಗಡಿಪುರಂನಲ್ಲಿ ಕಂಡು ಬೆರಗಾಗಿ, 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಕರೆದ. ಪದವಿನ ಮೇಲಿನ ಹೊರಪದರ ಬೇಸಿಗೆಯಲ್ಲಿ ಸುಟ್ಟ ಹಂಚಿನ ಬಣ್ಣ, ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪು. ಜೂನ್‌ನಿಂದ ಅಕ್ಟೋಬರ್ ತನಕ ಅಲ್ಲಿ ಇನ್ನೊಂದೇ ಲೋಕ: ಪಾದೆಯ ಗುಂಡಿಗಳಲ್ಲಿ ನೀರು, ನೀರಿನಂಚಿಗೆ ಕಡುನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಅದರ ಬುಡದಲ್ಲಿ ಹುಳ ಹಿಡಿಯುವ ಪುಟ್ಟ ಚೀಲಗಳು. ನೋಡಲು ಚೆಂದ, ನಡೆಯಲು ಜಾರು. ಸೊಂಟದ ಮೇಲೆ ಪ್ರೀತಿ ಇರುವವರು ಆಗ ಪದವಿಗೆ ಹೋಗಬಾರದು.

ಗೇರು ಹಾಡಿಗೆ ಹೋಗಬೇಕಾದದ್ದು ಜನವರಿ ಕೊನೆಯಿಂದ ಮಾರ್ಚ್ ನಡುವಿನ ತನಕ. ಸೆಖೆ ಅನ್ನುತ್ತೀರಿ, ಹೌದು. ಬೆಳಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಮುಗಿಸಬೇಕು. ಆಗ ಮಾತ್ರ ಒಂದೇ ಮರದಲ್ಲಿ ತಾಮ್ರದ ಬಣ್ಣದ ಚಿಗುರು, ಸಿಹಿ ಘಮದ ಹೂ, ಹಸಿರು ಬೀಜ, ಕೆಂಪೋ ಹಳದಿಯೋ ಹಣ್ಣು ಒಟ್ಟಿಗೆ ಸಿಗುತ್ತವೆ. ಬಿದ್ದ ಹಣ್ಣು ಹುಳಿತು ಹೊಮ್ಮಿಸುವ ವಾಸನೆ ಕೆಲವರಿಗೆ ಆಗದು. ನನಗೆ ಅದಿಲ್ಲದೆ ಬೇಸಿಗೆ ಬಂದದ್ದೇ ತಿಳಿಯದು. ನಿಯಮ ಒಂದಿದೆ: ಹಣ್ಣು ತಿನ್ನಬಹುದು, ಬೀಜ ಮರದ ಬುಡದಲ್ಲೇ ಇಡಬೇಕು. ನಿಗಮದ ತೋಪಾದರೆ ಆ ವರ್ಷದ ಫಸಲನ್ನು ಯಾರೋ ಏಲಂ ಹಿಡಿದಿರುತ್ತಾರೆ. ಕುಮ್ಕಿಯಾದರೆ ಯಾವುದೋ ಮನೆಯ ಅಜ್ಜಿಯ ಮಳೆಗಾಲದ ಖರ್ಚು ಆ ಬೀಜದಲ್ಲಿದೆ. ಅಂಥ ಅಜ್ಜಿಯೊಬ್ಬರು ಬುಟ್ಟಿ ಹಿಡಿದು ನಿಂತು, "ಎಂತ ಮಾರಾಯ್ರೆ, ದಾರಿ ತಪ್ಪಿತಾ?" ಎಂದು ಕೇಳಿದರೆ ಸುಮ್ಮನೆ ನಡೆಯಲು ಬಂದೆ ಎನ್ನಬೇಡಿ, ನಂಬುವುದಿಲ್ಲ. ದೇವಸ್ಥಾನಕ್ಕೆ ಹೊರಟದ್ದು ಎಂದರೆ ಸಂಶಯ ಹೋಗುತ್ತದೆ, ಒಳದಾರಿಯೂ ಸಿಗುತ್ತದೆ. ಹಸಿ ಬೀಜವನ್ನು ಹಲ್ಲಿನಿಂದ ಕಚ್ಚುವ ಸಾಹಸ ಬೇಡ. ಸಿಪ್ಪೆಯ ಎಣ್ಣೆ ತಾಗಿದರೆ ತುಟಿ ಸುಟ್ಟು ಸುಲಿಯುತ್ತದೆ.

ದೇವಸ್ಥಾನದ ನೆಪ ಸುಳ್ಳಾಗಬೇಕಿಲ್ಲ. ನಾನು ಹೇಳುವ ದಾರಿ ಕುಂಜಾರುಗಿರಿಗೇ ಹೋಗುವುದು. ಅಂಬಲಪಾಡಿಯಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಕಟಪಾಡಿ, ಅಲ್ಲಿಂದ ಶಿರ್ವದ ಬಸ್ಸು ಹಿಡಿದು ಶಂಕರಪುರದಲ್ಲಿ ಇಳಿಯುವುದು. ರಸ್ತೆ ಬಿಟ್ಟು ಗದ್ದೆಯ ಹುಣಿಗೆ ಇಳಿದರೆ ಮನೆ ಮನೆಯ ಅಂಗಳದಾಚೆ ಮಲ್ಲಿಗೆ ಗಿಡದ ಸಾಲು. ನಸುಕಿನಲ್ಲೇ ಹೆಂಗಸರು ಮೊಗ್ಗು ಕೊಯ್ಯುತ್ತಿರುತ್ತಾರೆ. ಮಲ್ಲಿಗೆ ದಾಟಿ, ಕಾಲುಸಂಕ ದಾಟಿ, ಏರು ಸುರುವಾದಲ್ಲಿ ಗೇರು. ನಾಗಬನ ಸಿಕ್ಕರೆ ಅದರ ಎಡಬಲ ನೋಡಿ ಸುತ್ತಿಕೊಂಡು ಹೋಗಿ, ಒಳಗೆ ಕಾಲಿಡಬೇಡಿ. ಕುಂಜಾರುಗಿರಿಯ ನೆತ್ತಿಯಲ್ಲಿ ದುರ್ಗೆಯ ಗುಡಿ, ಪರಶುರಾಮ ಪ್ರತಿಷ್ಠೆ ಎಂಬ ಪ್ರತೀತಿ. ಪರಶು, ಧನುಸ್ಸು, ಗದಾ, ಬಾಣ ಎಂಬ ನಾಲ್ಕು ತೀರ್ಥಗಳು ಗುಡ್ಡದ ಸುತ್ತ ಇವೆ. ನಾಲ್ಕನ್ನೂ ಸೇರಿಸಿ ಒಂದು ಸುತ್ತು ಹಾಕಿದರೆ ಗುಡ್ಡದ ಎಲ್ಲ ಮಗ್ಗುಲು ಕಂಡಂತೆ. ಮೇಲೆ ನಿಂತರೆ ಪಶ್ಚಿಮಕ್ಕೆ ಕಡಲಿನ ಗೆರೆ, ಪೂರ್ವಕ್ಕೆ ಘಟ್ಟದ ಸಾಲು, ನಡುವೆ ಹಸಿರು ಉಬ್ಬುತಗ್ಗು. ಕೆಳಗೆ ಪಾಜಕ, ಮಧ್ವಾಚಾರ್ಯರು ಹುಟ್ಟಿದ ಊರು. ತಾಯಿ ಕರೆದಾಗ ಬಾಲಕ ವಾಸುದೇವ ಈ ಗುಡ್ಡದಿಂದ ಒಂದೇ ನೆಗೆತಕ್ಕೆ ಮನೆ ಮುಟ್ಟುತ್ತಿದ್ದ ಎಂಬ ಕತೆಯಿದೆ, ಹೆಜ್ಜೆ ಗುರುತನ್ನೂ ತೋರಿಸುತ್ತಾರೆ. ಉಳಿದವರಿಗೆ ಮೆಟ್ಟಿಲು.

ಮಣಿಪಾಲದ ಎಂಡ್ ಪಾಯಿಂಟ್ ಬಗ್ಗೆ ಓದುಗರು ಕೇಳುತ್ತಲೇ ಇರುತ್ತಾರೆ. ಸ್ವರ್ಣಾ ನದಿಯ ಕಣಿವೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಅಷ್ಟೆ. ಅದು ವಾಕಿಂಗಿನ ಜಾಗ. ಕಾರ್ಕಳದಲ್ಲಿ 1432ರ ಗೊಮ್ಮಟ ಇರುವ ಬಂಡೆಯನ್ನು ಹತ್ತಿ, ಎದುರು ಗುಡ್ಡದ 1586ರ ಚತುರ್ಮುಖ ಬಸದಿಗೆ ನಡೆದುಕೊಂಡೇ ಹೋಗಿ. 42 ಅಡಿಯ ಆ ವಿಗ್ರಹ ದೂರ ಹೋದಷ್ಟೂ ದೊಡ್ಡದಾಗಿ ಕಾಣುವುದನ್ನು ಕಾರಿನಲ್ಲಿ ಹೋದವರು ನೋಡಲಾರರು. ಅಲ್ಲಿ ಗೇರಿನ ನೆರಳು ಕಡಿಮೆ, ಟೊಪ್ಪಿ ಬೇಕು.

ದಾರಿಗಳಿಗೆ ಗುರುತು ಹಾಕಬೇಕೇ? ಟರ್ಕಿಯಂತೆ ನಮ್ಮಲ್ಲೂ ಬಣ್ಣ ಬಳಿಯೋಣ ಎಂದು ಉತ್ಸಾಹಿಗಳು ಆಗಾಗ ಹೇಳುತ್ತಾರೆ. ನನಗೆ ಅರೆಮನಸ್ಸು. ಗುರುತು ಬಿದ್ದ ಮರುವರ್ಷವೇ ಸೆಲ್ಫಿ ಕಟ್ಟೆ, ಅದರ ಮರುವರ್ಷ ಇಂಟರ್‌ಲಾಕ್ ಬರುತ್ತದೆ ಎಂಬ ಹೆದರಿಕೆ. ಅದಕ್ಕಿಂತ ಪಂಚಾಯತಿಯವರು ಗ್ರಾಮ ನಕ್ಷೆಯಲ್ಲಿರುವ ಕಾಲುದಾರಿಗಳಿಗೆ ಪಾಗಾರ ಬೀಳದಂತೆ ನೋಡಿಕೊಂಡು, ಮುರಿದ ಕಾಲುಸಂಕ ರಿಪೇರಿ ಮಾಡಿಸಿದರೆ ಸಾಕು. ದಾರಿ ಕೇಳಲು ಜನ ಇನ್ನೂ ಇದ್ದಾರೆ.

ಹಿಂದೆ ಬರುವಾಗ ಶಂಕರಪುರದಲ್ಲಿ ಮಲ್ಲಿಗೆ ಕೊಳ್ಳುವವರು ಲೆಕ್ಕ ತಿಳಿದಿರಿ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನ ದಿನವೂ ಬೇರೆ, ಚೌಕಾಸಿಗೆ ಬಗ್ಗುವುದಿಲ್ಲ. ಹಸಿ ಗೇರುಬೀಜ ಸುಲಿದು ಮಾರುವವರು ಸಿಕ್ಕರೆ ತೊಂಡೆಕಾಯಿಯನ್ನೂ ತೆಗೆದುಕೊಳ್ಳಿ. ಎರಡನ್ನೂ ಹಾಕಿ ಒಗ್ಗರಣೆ, ಒಣಮೆಣಸು, ತೆಂಗಿನತುರಿಯಲ್ಲಿ ಮಾಡುವ ಉಪ್ಕರಿಗೆ ಅರ್ಧ ಗಂಟೆ ಸಾಕು. ಒಣ ಬೀಜ ನೆನೆಸಿ ಹಾಕುವವರೂ ಇದ್ದಾರೆ. ಫೆಬ್ರವರಿಯಲ್ಲಿ ಹಾಗೆ ಮಾಡುವುದಕ್ಕೆ ಕಾರಣವೇ ಇಲ್ಲ.