ಸುಳ್ಳೋ ಹುಸಿಯೋ: ಮಂಗಗಳ ಎಚ್ಚರಿಕೆಯ ಕೂಗು ಮತ್ತು ಒಂದು ಪರಿಭಾಷೆಯ ಪ್ರಶ್ನೆ

ಪ್ರಾಣಿಸಂವಹನವನ್ನು ಕುರಿತ ಕನ್ನಡದ ಪಾಠಗಳಲ್ಲಿ ‘ಮಂಗಗಳೂ ಸುಳ್ಳು ಹೇಳುತ್ತವೆ’ ಎಂಬ ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ತರಗತಿಯಲ್ಲಿ ನಾನೂ ಅದನ್ನು ಬಳಸಿದ್ದೇನೆ. ಅದಕ್ಕೆ ಮುಖ್ಯ ಆಧಾರ, ಅರ್ಜೆಂಟೀನಾದ ಇಗುವಾಸು ರಾಷ್ಟ್ರೀಯ ಉದ್ಯಾನದ ಕಪುಚಿನ್ ಮಂಗಗಳನ್ನು ಕುರಿತು ಬ್ರ್ಯಾಂಡನ್ ವೀಲರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಫಲಿತಗಳನ್ನು ಪ್ರಸ್ತುತ ಲೇಖನ ಪ್ರಶ್ನಿಸುವುದಿಲ್ಲ. ಆ ಫಲಿತಗಳನ್ನು ನಿರೂಪಿಸಲು ನಾವು ಆರಿಸಿಕೊಂಡ ಪದವನ್ನು ಪ್ರಶ್ನಿಸುತ್ತದೆ.

ವೀಲರ್ ಎತ್ತರದ ಅಟ್ಟಣಿಗೆಗಳಲ್ಲಿ ಬಾಳೆಹಣ್ಣಿನ ಚೂರುಗಳನ್ನಿರಿಸಿ ಮಂಗಗಳ ವರ್ತನೆಯನ್ನು ಗಮನಿಸಿದರು. ನೆಲದ ಬೇಟೆಪ್ರಾಣಿ ಕಂಡಾಗ ಹೊರಡುವ, ಬಿಕ್ಕಳಿಕೆಯನ್ನು ಹೋಲುವ ಕೂಗು ಅಂಥ ಪ್ರಾಣಿ ಇಲ್ಲದಾಗಲೂ ಕೇಳಿಬಂತು. ಹಾಗೆ ಕೂಗಿದವುಗಳಲ್ಲಿ ಗುಂಪಿನ ಬಲಿಷ್ಠ ಮಂಗಗಳಿಗಿಂತ ಕೆಳಸ್ಥಾನದವೇ ಹೆಚ್ಚು. ಬಲಿಷ್ಠ ಮಂಗ ಆಹಾರವನ್ನು ತನ್ನದಾಗಿಸಿಕೊಳ್ಳಬಲ್ಲ ಸನ್ನಿವೇಶದಲ್ಲಿ ಕೂಗು ಇನ್ನೂ ಹೆಚ್ಚು. ಕೇಳಿದವು ಚದುರಿದರೆ ಕೂಗಿದ್ದಕ್ಕೆ ಹಣ್ಣು ಸಿಗುತ್ತದೆ. ಗಮನಾರ್ಹ ಸಂಗತಿಯೆಂದರೆ, ಆ ಲೇಖನದ ಶೀರ್ಷಿಕೆಯಲ್ಲೇ ಪ್ರಶ್ನಾರ್ಥಕ ಚಿಹ್ನೆಯಿದೆ. ನಮ್ಮ ಮರುನಿರೂಪಣೆಗಳಲ್ಲಿ ಬಿದ್ದುಹೋಗಿರುವುದು ಆ ಚಿಹ್ನೆಯೇ.

ಅದು ಬಿದ್ದುಹೋಗಲು ಕಾರಣವಿದೆ. ಚಾರ್ಲ್ಸ್ ಹಾಕೆಟ್ 1960ರಲ್ಲಿ ಮಂಡಿಸಿದ 13 ಭಾಷಾಲಕ್ಷಣಗಳ ಪಟ್ಟಿ ಮುಂದೆ ಬೆಳೆದಾಗ, ಸುಳ್ಳಾಡಬಲ್ಲ ಸಾಮರ್ಥ್ಯವೂ ಅದರಲ್ಲಿ ಸೇರಿತು. ಇಗುವಾಸುವಿನ ಮಂಗಗಳು ಆ ಖಾನೆಯನ್ನು ತುಂಬಲು ಅನುಕೂಲವಾಗಿ ಒದಗಿದವು. ಆದರೆ ಸುಳ್ಳಿಗೆ ಮೊದಲು ಅರ್ಥ ಬೇಕು: ಮಾತಿಗೆ ನಿರ್ದಿಷ್ಟ ವಿಷಯವಿದ್ದರೆ ಮಾತ್ರ ಅದು ಸತ್ಯವೋ ಅಸತ್ಯವೋ ಆಗಬಲ್ಲದು. ಈ ಕೂಗು ಬೇಟೆಪ್ರಾಣಿಗೆ ಮಾತ್ರ ಮೀಸಲಾದುದಲ್ಲ. ಗುಂಪಿನೊಳಗಿನ ಜಗಳದಂಥ ಸಂದರ್ಭಗಳಲ್ಲಿಯೂ ಅದು ಹೊರಡುತ್ತದೆ. ಹಾಗಿರುವಾಗ ಅದನ್ನು ‘ಬೇಟೆಪ್ರಾಣಿ ಬಂದಿದೆ’ ಎಂಬ ವಾಕ್ಯಕ್ಕೆ ಸಮೀಕರಿಸಿ, ಬಳಿಕ ಆ ವಾಕ್ಯವನ್ನು ಅಸತ್ಯವೆನ್ನುವುದು ಎರಡು ಹೆಜ್ಜೆಗಳನ್ನು ಒಂದೇ ಜಿಗಿತದಲ್ಲಿ ದಾಟಿದಂತೆ. ಇದರ ವಿರುದ್ಧ ತುದಿಗೆ ಹೋಗಿ, ಕೂಗು ಕೇವಲ ಪೈಪೋಟಿಯ ಒತ್ತಡದಿಂದ ಹೊಮ್ಮಿದ್ದು ಎನ್ನುವುದೂ ಸುಲಭವಲ್ಲ: ವೀಲರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒತ್ತಡದ ವಿವರಣೆಗೆ ಬೆಂಬಲ ದೊರೆಯಲಿಲ್ಲ.

ಇಲ್ಲಿ ಕನ್ನಡದ ವ್ಯಾಕರಣವೇ ನೆರವಿಗೆ ಬರುತ್ತದೆ. ‘ಹುಲಿ ಬಂತು ಎಂದು ಸುಳ್ಳು ಹೇಳಿದ’ ಎಂಬುದು ಸಹಜ ವಾಕ್ಯ. ‘ಹುಲಿ ಬಂತು ಎಂದು ಮೋಸ ಮಾಡಿದ’ ಎನ್ನುವಾಗ ನಡುವೆ ‘ಹೇಳಿ’ ಬಂದರೇ ಸರಾಗ. ಸುಳ್ಳು ತನ್ನೊಳಗೆ ಒಂದು ಉಕ್ತಿಯನ್ನು ಬೇಡುತ್ತದೆ, ಮೋಸ ಬೇಡುವುದಿಲ್ಲ. ಇನ್ನು ‘ಮೋಸಹೋಗು’ ಎಂಬಲ್ಲಿ ಮೋಸಗಾರನೇ ಬೇಕಿಲ್ಲ. ಹಣ್ಣಿನ ಬಣ್ಣ ನೋಡಿಯೂ ಮೋಸಹೋಗಬಹುದು. ‘ಹುಸಿ’ಯಂತೂ ಹುಸಿಮುನಿಸು, ಹುಸಿನಗೆಗಳಲ್ಲಿ ಸಂಕೇತದ ಟೊಳ್ಳುತನವನ್ನಷ್ಟೇ ಸೂಚಿಸುತ್ತದೆ, ‘ನಿರೀಕ್ಷೆ ಹುಸಿಯಾಯಿತು’ ಎಂಬಲ್ಲಿ ಕರ್ತೃವಿನ ಉದ್ದೇಶದ ಮಾತೇ ಇಲ್ಲ. ವಚನಗಳ ಭಾಷೆಯಲ್ಲಿ ಹುಸಿಯೂ ನುಡಿಯುವ ವಸ್ತುವೇ ಆಗಿತ್ತೆಂಬುದು ನಿಜ. ನನ್ನ ವಾದ ಇಂದಿನ ಬಳಕೆಗೆ ಸೀಮಿತ. ನಾನು ಬಲ್ಲ ಆನವಟ್ಟಿಯ ಸುತ್ತಿನ ಆಡುಮಾತಿನಲ್ಲಿ ‘ಮಂಗ ಮೋಸ ಮಾಡ್ತು’ ಎನ್ನಲು ಅಡ್ಡಿಯಿಲ್ಲ. ‘ಮಂಗ ಸುಳ್ಳು ಹೇಳ್ತು’ ಎಂದರೆ ಕೇಳಿದವರು ನಕ್ಕಾರು.

ಈ ವಿಂಗಡಣೆಗೆ ನಮ್ಮ ಜಿಲ್ಲೆಯಲ್ಲೇ ಒಂದು ನಿದರ್ಶನವಿದೆ. ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ರೈತರೊಬ್ಬರು ಮಂಗಗಳಿಂದ ಬೆಳೆಯನ್ನು ಉಳಿಸಿಕೊಳ್ಳಲು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದದ್ದು 2019ರಲ್ಲಿ ಸುದ್ದಿಯಾಯಿತು. ಆಹಾರಕ್ಕಾಗಿಯೇ ನಡೆದ ಈ ಪೈಪೋಟಿಯಲ್ಲಿ ಪಟ್ಟೆ ಹುಸಿ, ಹೆದರಿ ಓಡಿದ ಮಂಗ ಮೋಸಹೋಯಿತು, ಉದ್ದೇಶ ರೈತರದು. ಹುಸಿಯನ್ನು ಹೊತ್ತ ನಾಯಿಯನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ಇಗುವಾಸುವಿನಲ್ಲಿ ಸಿದ್ಧವಾಗಿರುವುದು ಮೊದಲ ಎರಡು ಅಂಶಗಳು ಮಾತ್ರ. ಮೂರನೆಯದು, ಅಂದರೆ ಕೇಳುವವರ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆ ಮೂಡಿಸುವ ಉದ್ದೇಶ, ಇನ್ನೂ ಸಾಕ್ಷ್ಯವನ್ನು ಬೇಡುತ್ತದೆ.

ಅಂಥ ಸಾಕ್ಷ್ಯವನ್ನು ಹುಡುಕುವ ಬಗೆಗೆ ಬಂಡೀಪುರ ಒಂದು ಮಾದರಿ. ಬಾನೆಟ್ ಮಕಾಕ್ ಎನ್ನಲಾಗುವ ನಮ್ಮ ಸಾಮಾನ್ಯ ಕೋತಿ ತಿನಿಸಿಗಾಗಿ ಮನುಷ್ಯರತ್ತ ಕೈಚಾಚುವುದನ್ನೂ ದನಿಗೈಯುವುದನ್ನೂ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಮನುಷ್ಯರಂತೆ ಕಂಡಿತೆಂದು ಅವರು ಉದ್ದೇಶವನ್ನು ಆರೋಪಿಸಲಿಲ್ಲ. ಸನ್ನೆ ಯಾರತ್ತ ತಿರುಗಿದೆ, ಪ್ರತಿಕ್ರಿಯೆಗಾಗಿ ಕೋತಿ ಗಮನಿಸುತ್ತ ಕಾಯುತ್ತದೆಯೇ ಎಂಬಂಥ ಒರೆಗಲ್ಲುಗಳನ್ನಿಟ್ಟುಕೊಂಡರು. ಹುಸಿಕೂಗಿಗೂ ಇಂಥ ಒರೆಗಲ್ಲುಗಳು ಬೇಕು. ಆದರೆ ಅವು ಗೆದ್ದರೂ ಸಿದ್ಧವಾಗುವುದು ಉದ್ದೇಶಪೂರ್ವಕ ಮೋಸ. ಸುಳ್ಳಿಗೆ ಬೇಕಾದ ಉಕ್ತಿಯಲ್ಲ.

ಆದ್ದರಿಂದ ನನ್ನ ಸೂಚನೆ ಸರಳ: ಸಂಕೇತಕ್ಕೆ ‘ಹುಸಿಕೂಗು’, ಪರಿಣಾಮಕ್ಕೆ ‘ಮೋಸಹೋಗು’, ‘ಸುಳ್ಳು’ ಸದ್ಯಕ್ಕೆ ಮನುಷ್ಯರಲ್ಲೇ ಉಳಿಯಲಿ. ಇದು ಪದಗಳ ಮಡಿವಂತಿಕೆಯಲ್ಲ. ಆನವಟ್ಟಿಯಿರುವ ಸೊರಬ ತಾಲ್ಲೂಕಿನದೇ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ರೋಗವನ್ನು ನಾವು ‘ಮಂಗನ ಕಾಯಿಲೆ’ ಎನ್ನುತ್ತೇವೆ. ಅದು ಮನುಷ್ಯರಿಗೆ ತಗಲುವುದು ಮುಖ್ಯವಾಗಿ ಉಣುಗಿನ ಕಡಿತದಿಂದ. ಮಂಗವೂ ಅದಕ್ಕೆ ಬಲಿಯಾಗುವ ಜೀವಿ. ಹೆಸರು ಮಾತ್ರ ಮಂಗನದಾಗಿಯೇ ಉಳಿದಿದೆ. ಒಮ್ಮೆ ಅಂಟಿದ ಪದ ವಿವರಣೆಯ ಜಾಗದಲ್ಲಿ ಎಷ್ಟು ಕಾಲ ಕೂರಬಲ್ಲದೆಂದು ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.