ಸ್ಥಳನಾಮಗಳ ಅರ್ಥನಿರ್ಣಯ: ಚಿಕ್ಕೋಡಿ ಸೀಮೆಯ ಐದು ಹೆಸರುಗಳು

ಸ್ಥಳನಾಮಗಳು ನಾಡಿನ ಪೂರ್ವೇತಿಹಾಸಕ್ಕೆ ಆಧಾರವಾಗಬಲ್ಲವೆಂಬುದನ್ನು ಕನ್ನಡಿಗರಿಗೆ ಮನಗಾಣಿಸಿದವರಲ್ಲಿ ಶಂ. ಬಾ. ಜೋಶಿಯವರು ಅಗ್ರಗಣ್ಯರು. ಮಹಾರಾಷ್ಟ್ರದ ಊರಹೆಸರುಗಳಲ್ಲಿ ಉಳಿದಿರುವ ಕನ್ನಡವನ್ನು ಅವರು ಎತ್ತಿ ತೋರಿಸಿದರು. ಆದರೆ 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಗಡಿವಾದದ ಕಾವಿನಲ್ಲಿ ಈ ವಿದ್ಯೆ ವಾದಿಗಳ ಆಯುಧವೂ ಆಯಿತು. ಹೆಸರನ್ನು ತಮ್ಮ ನುಡಿಗೆ ಒಗ್ಗುವಂತೆ ಒಡೆದು, ಅದನ್ನೇ ನೆಲದ ಹಕ್ಕುಪತ್ರವೆನ್ನುವ ಕ್ರಮ ಪರೀಕ್ಷಾರ್ಹವಾಗಿದೆ.

ನಿಪ್ಪಾಣಿಯನ್ನು ನೋಡಬಹುದು. ‘ನಿ–ಪಾಣಿ’ ಎಂದು ಒಡೆದರೆ ಅದು ನೀರಿಲ್ಲದ ಊರು. ಸಂಸ್ಕೃತದ ‘ನಿಪಾನ’ಕ್ಕೆ ಹೊಂದಿಸಿದರೆ ಬಾವಿಯ ಬಳಿ ದನಗಳು ನೀರು ಕುಡಿಯುವ ತೊಟ್ಟಿ. ಒಂದೇ ಹೆಸರು ಎರಡು ವಿರುದ್ಧಾರ್ಥಗಳನ್ನು ಕೊಡುವುದಾದರೆ, ದೋಷ ಹೆಸರಿನದಲ್ಲ, ಒಡೆಯುವ ಕ್ರಮದ್ದು.

ರಾಯಬಾಗದ ‘ಬಾಗ’ವನ್ನು ಪಾರಸಿಯ ‘ಬಾಗ್’ ಎಂದು ತಿಳಿದು ‘ರಾಯನ ತೋಟ’ವೆನ್ನುವುದು ಸುಲಭ. ಆದರೆ ರಟ್ಟರ ಕಾಲದ ಶಾಸನಗಳಲ್ಲಿ ಈ ಊರು ಬಾಗೆ, ಹೂವಿನಬಾಗೆ. ಕನ್ನಡದಲ್ಲಿ ಬಾಗೆಯೆಂದರೆ ಶಿರೀಷವೃಕ್ಷ. ತಮಿಳಿನ ‘ವಾಗೈ’ ಇದರ ಸಜಾತಿ. ಮರದ ಹೆಸರಿಗೆ ‘ಹೂವಿನ’ ಎಂಬ ವಿಶೇಷಣ ಸಹಜವಾಗಿಯೇ ಒಪ್ಪುತ್ತದೆ. ಪ್ರಾಚೀನ ರೂಪವೊಂದು ದೊರೆತೊಡನೆ ರಾಯನೂ ತೋಟವೂ ಮರೆಯಾಗುತ್ತವೆ.

ಚಿಕ್ಕೋಡಿಗೆ ನೆರೆಯ ಊರೇ ಸಾಕ್ಷಿ. ಅದೇ ತಾಲೂಕಿನಲ್ಲಿ ಹಿರೇಕೋಡಿಯಿದೆ. ಹಿರಿದು–ಚಿಕ್ಕದು ಎಂಬ ಈ ಜೋಡಿಯಿಂದ ‘ಚಿಕ್ಕ–ಕೋಡಿ’ ಎಂಬ ನಿಷ್ಪತ್ತಿ ದೃಢವಾಗುತ್ತದೆ. ಮರಾಠಿಯ ‘ಚಿಕೋಡಿ’ಯಲ್ಲಿ ದ್ವಿತ್ವ ಮಾತ್ರ ಸಡಿಲಿದೆ. ಹಿರಿಯದು ಹಳ್ಳಿಯಾಗಿ ಉಳಿದು ಚಿಕ್ಕದು ಪಟ್ಟಣವಾದುದರಿಂದ, ಹೆಸರು ಊರಿನ ಇಂದಿನ ಸ್ಥಿತಿಯನ್ನಲ್ಲ, ಇಟ್ಟ ಕಾಲದ ಸ್ಥಿತಿಯನ್ನು ಹೇಳುತ್ತದೆಂಬುದೂ ಸ್ಪಷ್ಟ. ಕೋಡಿಗೆ ಕೆರೆಯ ಹೆಚ್ಚಿನ ನೀರು ಹೊರಬೀಳುವ ದಾರಿಯೆಂದೂ ತುದಿಯೆಂದೂ ಅರ್ಥವುಂಟು. ಇದನ್ನು ನಿರ್ಣಯಿಸಬೇಕಾದುದು ನೆಲವನ್ನು ನೋಡಿ, ನಿಘಂಟನ್ನಲ್ಲ.

ಕಾಗವಾಡದ ‘ವಾಡ’ ಧಾರವಾಡದಲ್ಲಿಯೂ ಇದೆ, ಕೊಲ್ಲಾಪುರ ಜಿಲ್ಲೆಯ ಕುರುಂದವಾಡದಲ್ಲಿಯೂ ಇದೆ. ಅದೊಂದರಿಂದಲೇ ಯಾವ ನುಡಿಯ ಒಡೆತನವೂ ಸಿದ್ಧಿಸದು. ಅಥಣಿಯ ‘ಥ’ಕಾರ ಮಹಾಪ್ರಾಣ, ಅಚ್ಚಗನ್ನಡ ಪದಗಳಿಗೆ ಅದು ಸಹಜವಲ್ಲ. ಆದುದರಿಂದ ಇಂದಿನ ರೂಪವನ್ನೇ ಮೂಲರೂಪವೆಂದು ಒಡೆಯುವುದು ಅವಸರದ ಮಾತು.

ಪ್ರಾಚೀನ ರೂಪ, ನೆರೆಹೊರೆಯ ಹೆಸರು, ನೆಲದ ಲಕ್ಷಣ: ಈ ಮೂರರ ಒರೆಗೆ ನಿಲ್ಲದ ಅರ್ಥ ಬರಿಯ ಊಹೆ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಸೂಚಿಸಿತು. ಊರು ಇಂದಿಗೂ ಕರ್ನಾಟಕದಲ್ಲಿದೆ. ಅಂಥ ವಿವಾದಗಳಲ್ಲಿ ಸ್ಥಳನಾಮ ಹೇಳಬಲ್ಲುದು ಹೆಸರಿಟ್ಟವರ ನುಡಿಯನ್ನು, ಆಳಬೇಕಾದವರು ಯಾರೆಂಬುದನ್ನಲ್ಲ. ಈ ಸೀಮೆಯ ವಿದ್ಯಾರ್ಥಿಗಳು ತಮ್ಮೂರ ಹೊಲ, ಹಳ್ಳ, ದಿನ್ನೆಗಳ ಹೆಸರುಗಳನ್ನು ಹಿರಿಯರ ಬಾಯಿಂದ ಬರೆದುಕೊಂಡರೆ, ವಾದಕ್ಕೆ ಸಿಕ್ಕದ ಸಾಮಗ್ರಿ ಶಾಸ್ತ್ರಕ್ಕೆ ದೊರೆತೀತು.