ಏಣಿ ಕಂಡವರು, ಬಾಗಿಲು ಕಂಡವರು

ಸಮಾಜಶಾಸ್ತ್ರದ ಪಠ್ಯ ತೆರೆದರೆ ಮೊದಲು ಎದುರಾಗುವ ಹೆಸರುಗಳು ಮೂರು: ಮಾರ್ಕ್ಸ್, ಡರ್ಕೈಮ್, ವೆಬರ್. ಅವರನ್ನು ಓದಲೇಬೇಕು. ಬಂಡವಾಳ ದುಡಿಮೆಯನ್ನು ಹೇಗೆ ದೋಚುತ್ತದೆಂದು ತೋರಿಸಿಕೊಟ್ಟ ಮಾರ್ಕ್ಸ್‌ನನ್ನು ಬಿಟ್ಟು ಕೂಲಿಯವರ ಪರ ಮಾತಾಡೋದಕ್ಕೆ ಆಗೋದಿಲ್ಲ. ಆದರೆ ಈ ಮೂವರೂ ನಮ್ಮ ಕೇರಿ ಕಂಡವರಲ್ಲ. ರೈಲು, ಕೈಗಾರಿಕೆ ಬಂದರೆ ಜಾತಿಗೆ ಆಧಾರವಾದ ಕುಲಕಸುಬಿನ ಹಂಚಿಕೆ ಕರಗಿಹೋಗುತ್ತದೆ ಅಂತ 1853ರಲ್ಲಿ ಮಾರ್ಕ್ಸ್ ಬರೆದ. ರೈಲು ಬಂತು, ಜಾತಿಯೂ ಟಿಕೆಟ್ ತಗೊಂಡು ಹತ್ತಿ ಕೂತಿತು. ವೆಬರ್ ಭಾರತಕ್ಕೆ ಕಾಲಿಡದೆಯೇ ಹಿಂದೂಧರ್ಮದ ಮೇಲೆ ಬರೆದ ಪ್ರಬಂಧಗಳು 1916-17ರಲ್ಲಿ ಪ್ರಕಟವಾದವು.

ಅದೇ 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಸೆಮಿನಾರಿನಲ್ಲಿ, 25 ವರ್ಷದ ಅಂಬೇಡ್ಕರ್ ‘ಭಾರತದಲ್ಲಿ ಜಾತಿಗಳು’ ಎಂಬ ಪ್ರಬಂಧ ಓದಿದರು. ಮರುವರ್ಷ ಅದು ಅಚ್ಚಾಯಿತು.

ಜಾತಿಯ ಬೇರು ಅವರಿಗೆ ಕಂಡದ್ದು ಮದುವೆಯಲ್ಲಿ. ತಮ್ಮೊಳಗೇ ಹೆಣ್ಣು ಕೊಟ್ಟು ತರಬೇಕೆಂದರೆ ಗುಂಪಿನಲ್ಲಿ ಗಂಡು ಹೆಣ್ಣಿನ ಲೆಕ್ಕ ಸರಿಯಿರಬೇಕು. ಗಂಡ ಸತ್ತರೆ ಹೆಂಡತಿ ಲೆಕ್ಕಕ್ಕೆ ಹೆಚ್ಚು. ಅವಳನ್ನು ಚಿತೆಗೆ ಹಾಕು, ಇಲ್ಲವೇ ವಿಧವೆ ಮಾಡಿ ಮೂಲೆಗೆ ಕೂರಿಸು. ಹೆಂಡತಿ ಸತ್ತ ಗಂಡಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ಕಟ್ಟು. ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಜಾತಿಯ ಗೋಡೆ ಕಾಯುವ ಕಾವಲುಗಳು. ಜಾತಿಯ ವಿರುದ್ಧ ಭಾಷಣ ಬಿಗಿದು ಮನೆಯಲ್ಲಿ ಹೆಂಡತಿಯ ಬಾಯಿ ಮುಚ್ಚಿಸುವ ನಮ್ಮ ಗೆಳೆಯರೂ ಇದನ್ನು ಓದಬೇಕು. ಈ ಪ್ರಬಂಧವನ್ನು ಹೆಣ್ಣಿನ ಕಡೆಯಿಂದ ಓದುವ ದಾರಿಯನ್ನು ಶರ್ಮಿಳಾ ರೇಗೆ 2013ರ ತಮ್ಮ ಪುಸ್ತಕದಲ್ಲಿ ತೆರೆದಿಟ್ಟರು.

ಮೊದಲು ಬಾಗಿಲು ಹಾಕಿಕೊಂಡದ್ದು ಪುರೋಹಿತವರ್ಗ. ಕೆಲವರು ಅದನ್ನು ನೋಡಿ ತಾವೂ ಹಾಕಿಕೊಂಡರು. ಉಳಿದವರು ಹೊರಗೇ ಉಳಿದರು. ಈ ಅನುಕರಣೆಯನ್ನು ವಿವರಿಸಲು ಅಂಬೇಡ್ಕರ್ ಫ್ರಾನ್ಸಿನ ಗೇಬ್ರಿಯಲ್ ಟಾರ್ಡ್‌ನ ಸಿದ್ಧಾಂತವನ್ನು ಬಳಸಿದರು.

ಇದಾಗಿ 36 ವರ್ಷಕ್ಕೆ, 1952ರಲ್ಲಿ, ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡವರ ಮೇಲಿನ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ವನ್ನು ಮಂಡಿಸಿದರು. ಕೆಳಗಿನ ಜಾತಿ ಮಾಂಸ ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು, ಒಂದೆರಡು ತಲೆಮಾರಿನಲ್ಲಿ ಮೇಲೇರುತ್ತದೆ ಅನ್ನೋದು ಅದರ ತಿರುಳು. ಇಲ್ಲೂ ಇರೋದು ಅನುಕರಣೆಯೇ. ಆದರೆ ಶ್ರೀನಿವಾಸರಿಗೆ ಕಂಡದ್ದು ಏಣಿ, ಅಂಬೇಡ್ಕರರಿಗೆ ಕಂಡದ್ದು ಮುಚ್ಚಿದ ಬಾಗಿಲು. ಚಲನೆ ಹೆಚ್ಚಾಗಿ ಮಧ್ಯದ ಮೆಟ್ಟಿಲುಗಳಲ್ಲೇ ಎಂದು ಶ್ರೀನಿವಾಸರೂ ಹೇಳಿದ್ದಾರೆ. ಹಾಗಾದರೆ ಬಾಡು ಬಿಟ್ಟ ಹೊಲೆಯನಿಗೆ, ಮಾದಿಗನಿಗೆ ಊರಬಾವಿ ಸಿಕ್ಕಿತೇನ್ರೀ? ಈ ಪ್ರಶ್ನೆಯ ಮುಂದೆ ಏಣಿ ನಿಲ್ಲೋದಿಲ್ಲ. ರಾಮಪುರದ ಬಗ್ಗೆ 1976ರಲ್ಲಿ ಬರೆದಾಗ, ತಮ್ಮದು ಮೇಲ್ಜಾತಿಯ ಕಡೆಯಿಂದ ಕಂಡ ಹಳ್ಳಿ ಎಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಅದು ಪ್ರಾಮಾಣಿಕತೆ. ಆದರೆ ಆ ಕಡೆಯ ನೋಟವೇ ‘ಶಾಸ್ತ್ರ’ವಾಗಿ, ಈ ಕಡೆಯದು ಬರೀ ‘ಅನುಭವ’ವಾಗಿ ಉಳಿದದ್ದು ಹೇಗೆ?

2002ರಲ್ಲಿ ಗೋಪಾಲ್ ಗುರು ಎತ್ತಿದ್ದು ಇದೇ ಜಗಳವನ್ನು. ನಮ್ಮ ಸಮಾಜವಿಜ್ಞಾನದೊಳಗೇ ವರ್ಣವ್ಯವಸ್ಥೆ ಇದೆ, ಸಿದ್ಧಾಂತ ಕಟ್ಟುವವರು ಒಬ್ಬರು, ಮಾಹಿತಿ ಹೊರುವವರು ಇನ್ನೊಬ್ಬರು ಎಂದು ಅವರು ವಾದಿಸಿದರು. 2012ರಲ್ಲಿ ಸುಂದರ್ ಸಾರುಕ್ಕೈ ಜೊತೆ ತಂದ ಪುಸ್ತಕದಲ್ಲಿ ಅನುಭವಕ್ಕೂ ಸಿದ್ಧಾಂತಕ್ಕೂ ಇರುವ ನಂಟನ್ನು ಇಬ್ಬರೂ ಹಟ ಹಿಡಿದು ಚರ್ಚಿಸಿದರು.

ಇದು ಪಂಡಿತರ ಜಗಳ ಅಂತ ನಾವು ಕೈತೊಳೆದುಕೊಳ್ಳುವಂತಿಲ್ಲ. ನಾವು ಪದ್ಯ ಓದಿದರೆ ಚಪ್ಪಾಳೆ, ವಾದ ಹೂಡಿದರೆ ‘ಸಿಟ್ಟು ಜಾಸ್ತಿ’ ಅನ್ನುವ ಮಾತು. ತೊಗಲು ನಮ್ಮದಾಗಬೇಕು, ಮೆಟ್ಟು ಅವರದಾಗಬೇಕು. ಹದ ಮಾಡೋದೂ ಹೊಲಿಯೋದೂ ಗೊತ್ತಿರುವ ಜನ ನಾವು. ಬರೀ ತೊಗಲು ಕೊಟ್ಟು ಯಾಕೆ ಬರಬೇಕು? ಹಾಗಂತ ಕೇರಿಯಲ್ಲಿ ಹುಟ್ಟಿದ ಮಾತ್ರಕ್ಕೆ ಸಿದ್ಧಾಂತ ತಾನಾಗಿ ಬರೋದಿಲ್ಲ. ಅಂಬೇಡ್ಕರ್ ಟಾರ್ಡ್‌ನನ್ನು ಓದಿದರು, ತಮಗೆ ಬೇಕಾದ್ದನ್ನು ತಗೊಂಡರು, ಮುಂದಕ್ಕೆ ಹೋದರು.

ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ಸಂಸ್ಕೃತೀಕರಣದ ಪಾಠಕ್ಕೆ ಮುಂಚೆ 1916ರ ಆ ಪ್ರಬಂಧ ಓದಿ. ಆಮೇಲೆ ಎರಡನ್ನೂ ನಿಮ್ಮೂರಿನ ಬಾವಿ, ಗುಡಿ, ಮದುವೆಯ ಚಪ್ಪರದ ಎದುರಿಟ್ಟು ನೋಡಿ. ಯಾವುದು ನಿಲ್ಲುತ್ತದೋ ಅದನ್ನು ಇಟ್ಟುಕೊಳ್ಳಿ. ಎರಡೂ ಸಾಲದೆ ಹೋದರೆ ಮೂರನೆಯದನ್ನು ನೀವೇ ಬರೆಯಿರಿ.